ತಿಂಗಳಿಗೆ 5,000 ರೂಪಾಯಿ, ಒಂದು ಫೋನ್, ಹಪ್ಪಳ–ಉಪ್ಪಿನಕಾಯಿ: ಆನ್‌ಲೈನ್ ವ್ಯಾಪಾರ ಎಲ್ಲಿಂದ ಶುರು ಮಾಡುವುದು?

ಕಟಪಾಡಿ_ಮಿಡಿ

ಕಟಪಾಡಿ ಹತ್ತಿರದ ಮನೆ ಘಟಕ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾರಿನ ಪುಡಿ. ಗಿರಾಕಿ ಬರುವ ಅಂಗಡಿ ಇಲ್ಲ, ಎಲ್ಲ ಪಾರ್ಸೆಲ್. ವಾಟ್ಸಾಪ್ ಮನೆ ನಂಬರಿನಲ್ಲೇ ಉಂಟು. ಜಾಹೀರಾತಿಗೆ ತಿಂಗಳಿಗೆ 5,000 ರೂಪಾಯಿ ಹಾಕಬಹುದು. ಇನ್‌ಸ್ಟಾಗ್ರಾಮ್, ಗೂಗಲ್, ವೆಬ್‌ಸೈಟ್ ಎಲ್ಲ ಸೇರಿಸಿ ಮಾಡಿಕೊಡಲು ಒಬ್ಬರು 18,000 ಹೇಳಿದ್ದಾರೆ. ಕೊಡಬಹುದಾ? ದುಡ್ಡು ಎಲ್ಲಿಗೆ ಹಾಕುವುದು, ಮೋಸ ಯಾವ ಬಾಗಿಲಿನಿಂದ ಬರುತ್ತದೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಹಂಪನಕಟ್ಟೆ_ಗಣಕ

18,000 ಹೆಚ್ಚೋ ಕಡಿಮೆಯೋ ಆಮೇಲೆ ನೋಡುವ. ಮೊದಲು ಕೇಳಬೇಕಾದ್ದು: ಖಾತೆಗಳು ಯಾರ ಇಮೇಲಿನಲ್ಲಿ, ಯಾರ ಫೋನ್ ನಂಬರಿನಲ್ಲಿ ತೆರೆಯುತ್ತವೆ? ಈ ಊರಲ್ಲಿ ಸಣ್ಣ ವ್ಯಾಪಾರ ಕೆಡುವುದು ಹ್ಯಾಕರ್‌ನಿಂದ ಕಡಿಮೆ. ಮಾಡಿಕೊಟ್ಟವನ ಫೋನ್ ಸ್ವಿಚ್ ಆಫ್ ಆದದ್ದರಿಂದ ಜಾಸ್ತಿ. ಅವನಿಗೆ ಕೆಟ್ಟ ಬುದ್ಧಿ ಇರಬೇಕೆಂದೂ ಇಲ್ಲ. ಕೆಲಸ ಸಿಕ್ಕಿ ಬೆಂಗಳೂರಿಗೋ ದುಬೈಗೋ ಹೋದರೆ ಮುಗಿಯಿತು. ಡೊಮೇನ್ (ವೆಬ್‌ಸೈಟಿನ ವಿಳಾಸದ ಹೆಸರು) ನವೀಕರಣದ ನೋಟಿಸ್ ಅವನು ತೆರೆಯದ ಇಮೇಲಿಗೆ ಬರುತ್ತದೆ, ಒಂದು ದಿನ ನಿಮ್ಮ ವೆಬ್‌ಸೈಟ್ ಜಾಗದಲ್ಲಿ ಯಾವುದೋ ಜೂಜಿನ ಪುಟ.

ದುಡ್ಡು ಕೊಡುವ ಮೊದಲು ನೀವೇ ಕೂತು ಮಾಡಬೇಕಾದ್ದು:

ವ್ಯಾಪಾರಕ್ಕೆಂದೇ ಒಂದು ಹೊಸ ಜಿಮೇಲ್. ಮಗನದ್ದೂ ಬೇಡ, ಡಿಸೈನರ್‌ದ್ದೂ ಬೇಡ. ಅದಕ್ಕೆ ಎರಡು ಹಂತದ ಪರಿಶೀಲನೆ ಹಾಕಿ. ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದು ಎಂಟು ಅಂಕಿಯದ್ದು, ಒಂದನ್ನು ಒಂದೇ ಸಲ ಬಳಸಬಹುದು. ಅದನ್ನು ಫೋನಿನಲ್ಲಿ ಫೋಟೋ ಹೊಡೆದು ಇಡಬೇಡಿ. ಫೋನ್ ಹೋದಾಗ ಬೇಕಾಗುವ ವಸ್ತು ಅದು, ಫೋನಿನೊಳಗೇ ಇಟ್ಟರೆ ಎಂತ ಪ್ರಯೋಜನ? ಕಾಗದಕ್ಕೆ ಪ್ರಿಂಟ್ ತೆಗೆದು ಮನೆಯ ದಾಖಲೆ ಪತ್ರಗಳ ಜೊತೆ ಕಪಾಟಿನಲ್ಲಿಡಿ.

ಡೊಮೇನ್ ನೀವೇ ಕೊಳ್ಳಿ, ಆ ಜಿಮೇಲ್‌ನಿಂದ. ವೆಬ್‌ಸೈಟ್ ಈಗ ಬೇಡವಾದರೂ ಹೆಸರು ಮಾತ್ರ ತೆಗೆದಿಡಿ. ಡೆವಲಪರ್‌ಗೆ ಪಾಸ್‌ವರ್ಡ್ ಕೊಡುವ ಅಗತ್ಯವಿಲ್ಲ, ಡಿಎನ್‌ಎಸ್‌ನಲ್ಲಿ (ಡೊಮೇನ್ ಯಾವ ವೆಬ್‌ಸೈಟಿಗೆ ಹೋಗಬೇಕೆಂದು ಹೇಳುವ ಪಟ್ಟಿ) ಹಾಕಬೇಕಾದ ಎರಡು ಸಾಲು ಅವನು ಕಳಿಸಿದರೆ ನೀವು ಅಂಟಿಸಿದರಾಯಿತು. ಈಗಾಗಲೇ ಅವನ ಹೆಸರಲ್ಲಿದ್ದರೆ ಅದೇ ರಿಜಿಸ್ಟ್ರಾರ್‌ನಲ್ಲಿ (ಡೊಮೇನ್ ಮಾರುವ ಕಂಪನಿ) ನಿಮ್ಮ ಖಾತೆಗೆ ತಳ್ಳಲು ಹೇಳಿ, ಅದು ಸುಲಭ. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಬೇಕಾದರೆ ಅನ್‌ಲಾಕ್ ಮಾಡಿ ಟ್ರಾನ್ಸ್‌ಫರ್ ಕೋಡ್ ಪಡೆಯಬೇಕು. ಡಾಟ್ ಕಾಮ್ ಆದರೆ ನೋಂದಾಯಿಸಿದ ಮೊದಲ 60 ದಿನ ಅದು ಸಾಗುವುದಿಲ್ಲ.

ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ (ಗೂಗಲ್ ಹುಡುಕಾಟದಲ್ಲೂ ಮ್ಯಾಪಿನಲ್ಲೂ ಕಾಣುವ ನಿಮ್ಮ ವ್ಯಾಪಾರದ ಪುಟ) ಪ್ರೈಮರಿ ಓನರ್ ನೀವು, ಅವನು ಮ್ಯಾನೇಜರ್. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾದಲ್ಲೂ ಹಾಗೆಯೇ: ಬಿಸಿನೆಸ್ ಪೋರ್ಟ್‌ಫೋಲಿಯೊ ನಿಮ್ಮದು, ಪೂರ್ಣ ಅಧಿಕಾರ ಮನೆಯ ಇಬ್ಬರಿಗೆ, ಅವನಿಗೆ ಜಾಹೀರಾತು ಖಾತೆಯ ಕೆಲಸ ಮಾತ್ರ. ಇಬ್ಬರು ಯಾಕೆಂದರೆ ಒಬ್ಬರ ಫೇಸ್‌ಬುಕ್ ಖಾತೆ ಹೇಗೋ ಬಂದ್ ಆದರೆ ಇನ್ನೊಬ್ಬರು ಒಳಗೆ ಹೋಗಬೇಕಲ್ಲ.

ಇದಕ್ಕೆ ಒಪ್ಪುವವರಾದರೆ 18,000ದ ಮಾತು ಮುಂದುವರಿಸಿ. "ಅದೆಲ್ಲ ನಾವೇ ನೋಡಿಕೊಳ್ತೇವೆ, ನಿಮಗೆ ಯಾಕೆ ತಲೆಬಿಸಿ" ಅಂದರೆ ಚಹಾ ಕೊಟ್ಟು ಕಳಿಸಿ.

ರಥಬೀದಿ

ಮನೆ ಕಟ್ಟಿದ ಮೇಸ್ತ್ರಿ ಬೀಗದ ಕೈ ತನ್ನ ಹತ್ತಿರವೇ ಇಟ್ಟುಕೊಂಡ ಹಾಗೆ.

ಕುಡ್ಲ_ಜಾಹೀರಾತು

ಗಣಕರು ಹೇಳಿದ್ದು ಮುಗಿದ ಮೇಲಿನ ಕೆಲಸ ಹೇಳ್ತೇನೆ. ಮೊದಲ ತಿಂಗಳು ಜಾಹೀರಾತಿಗೆ ಒಂದು ರೂಪಾಯಿ ಹಾಕಬೇಡಿ. ಆ ತಿಂಗಳು ಗೂಗಲ್ ಪ್ರೊಫೈಲ್, ವಾಟ್ಸಾಪ್ ಕ್ಯಾಟಲಾಗ್, ಫೋಟೋ. ಇವು ಮೂರೂ ಪುಕ್ಕಟೆ.

ಗೂಗಲ್ ಪ್ರೊಫೈಲ್: ನಿಮ್ಮಲ್ಲಿಗೆ ಗಿರಾಕಿ ಬರುವುದಿಲ್ಲ, ಹಾಗಾಗಿ ವಿಳಾಸ ತೋರಿಸುವ ಹಾಗಿಲ್ಲ. "ಸರ್ವಿಸ್ ಏರಿಯಾ" ಆಯ್ಕೆ ಮಾಡಿ ವಿಳಾಸ ಮುಚ್ಚಿ, ಊರುಗಳ ಹೆಸರು ಸೇರಿಸಿ. 20ರ ವರೆಗೆ ಹಾಕಬಹುದು. ಹೆಸರಿನ ಜಾಗದಲ್ಲಿ ಲೇಬಲ್‌ನಲ್ಲಿರುವ ಹೆಸರೇ ಇರಲಿ. "ಬೆಸ್ಟ್ ಹಪ್ಪಳ ಉಡುಪಿ ಮಂಗಳೂರು ಹೋಂ ಡೆಲಿವರಿ" ಅಂತ ಬಾಲ ಕಟ್ಟಿದರೆ ಪ್ರೊಫೈಲ್ ಅಮಾನತು ಆಗಲು ಅದೊಂದೇ ಸಾಕು. ಆ ಮಾತುಗಳೆಲ್ಲ 750 ಅಕ್ಷರದ ವಿವರಣೆಯಲ್ಲಿ ಬರಲಿ. ನಮ್ಮ ಊರಿನ ಹೆಸರು 2014ರ ನವೆಂಬರ್ 1ಕ್ಕೆ ಅಧಿಕೃತವಾಗಿ ಮಂಗಳೂರು ಆದರೂ ಹೊರಗಿನವರು ಇವತ್ತಿಗೂ "ಮ್ಯಾಂಗಲೋರ್" ಅಂತಲೇ ಹುಡುಕುವುದು. ವಿವರಣೆಯಲ್ಲಿ ಎರಡೂ ರೂಪ ಒಮ್ಮೊಮ್ಮೆ ಬರಲಿ.

ಪರಿಶೀಲನೆಗೆ ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ಎಡಿಟ್ ಮಾಡದೆ ಒಂದೇ ಉಸಿರಿಗೆ ತೆಗೆದದ್ದು, ಕನಿಷ್ಠ ಅರ್ಧ ನಿಮಿಷ. ರಸ್ತೆಯ ಬೋರ್ಡಿನಿಂದ ಶುರು ಮಾಡಿ, ಗೇಟು, ಒಳಗೆ ಹಪ್ಪಳ ಒತ್ತುವ ಯಂತ್ರ, ಹೆಸರಿನ ಲೇಬಲ್ ಹಚ್ಚಿದ ಪ್ಯಾಕೆಟ್, ಗೋಡೆಯ ಆಹಾರ ಪರವಾನಗಿ. ಬ್ಯಾಂಕ್ ಪಾಸ್‌ಬುಕ್, ಆಧಾರ್ ಕ್ಯಾಮೆರಾಕ್ಕೆ ಬೀಳದಿರಲಿ. ಬಿದ್ದು ಹೋಗುವ ವಿಡಿಯೊಗಳಲ್ಲಿ ತಪ್ಪು ಒಂದೇ: ಹೊರಗಿನಿಂದ ಒಳಗೆ ಬರುವ ನಡಿಗೆ ಇರುವುದಿಲ್ಲ, ಒಳಗಿನ ಕೋಣೆ ಮಾತ್ರ ತೋರಿಸಿರುತ್ತಾರೆ. ಅದು ಯಾವ ಊರಿನ ಕೋಣೆಯೂ ಆಗಬಹುದು.

ಇನ್ನು 5,000. ಮೆಟಾ ಜಾಹೀರಾತಿಗೆ 18% ಜಿಎಸ್‌ಟಿ ಇದೆ, ಹಾಗಾಗಿ 5,000 ಕಟ್ಟಿದರೆ ಜಾಹೀರಾತಿಗೆ ದಕ್ಕುವುದು ಸುಮಾರು 4,237. ಐಫೋನ್ ಆ್ಯಪ್‌ನೊಳಗಿಂದ "ಬೂಸ್ಟ್" (ಹಾಕಿದ ಪೋಸ್ಟನ್ನೇ ಜಾಹೀರಾತು ಮಾಡುವ ಗುಂಡಿ) ಒತ್ತಿದರೆ ಆ್ಯಪಲ್ ಮೇಲಿಂದ 30% ಸೇವಾ ಶುಲ್ಕ ಹಾಕುತ್ತದೆ. ಬ್ರೌಸರ್‌ನಲ್ಲಿ ಆ್ಯಡ್ಸ್ ಮ್ಯಾನೇಜರ್ ತೆರೆದು ಮಾಡಿದರೆ ಅದು ಉಳಿಯಿತು. ಬೂಸ್ಟ್ ಗುಂಡಿಯನ್ನೇ ಮರೆತುಬಿಡಿ ಅನ್ನುವುದು ನನ್ನ ಅಭಿಪ್ರಾಯ. ಅದು ಲೈಕ್ ತರುತ್ತದೆ, ಲೈಕ್ ಹುರಿದು ತಿನ್ನಲಿಕ್ಕೆ ಆಗುವುದಿಲ್ಲ.

ವೆಬ್‌ಸೈಟ್ ಇಲ್ಲದವರಿಗೆ ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಜಾಹೀರಾತು ಸಾಕು. ಯಾರಿಗೆ ತೋರಿಸುವುದು ಅನ್ನುವಲ್ಲಿಯೇ ಎಲ್ಲರೂ ಎಡವುವುದು. ಉಡುಪಿಯವರಿಗೆ ಹಲಸಿನ ಹಪ್ಪಳ ತೋರಿಸಿ ಎಂತ ಮಾಡ್ತೀರಿ? ಅವರ ಅಟ್ಟದ ಡಬ್ಬದಲ್ಲೇ ಉಂಟು. ನಿಮ್ಮ ಗಿರಾಕಿ ಬೆಂಗಳೂರಿನಲ್ಲಿ, ಠಾಣೆ–ಡೊಂಬಿವಿಲಿಯಲ್ಲಿ ಇರುವ ನಮ್ಮವರು. ಹಪ್ಪಳ ಒಣಗುವುದು ಏಪ್ರಿಲ್–ಮೇ ಬಿಸಿಲಿಗೆ, ನಾಲಿಗೆ ಕೇಳುವುದು ಮಳೆ ಹಿಡಿದ ಮೇಲೆ. ವರ್ಷವಿಡೀ ಸಮನಾಗಿ ಹಂಚಬೇಡಿ, ಜುಲೈ–ಆಗಸ್ಟ್‌ನ ಆಟಿ ತಿಂಗಳ ಕಡೆಗೆ ಹಣ ಒತ್ತಿ ಹಾಕಿ.

ಮಂಗಳೂರಿಗೆ ಪಿನ್ ಕುತ್ತಿ 40 ಕಿ.ಮೀ. ವೃತ್ತ ಎಳೆಯುವವರಿಗೆ ಒಂದು ಮಾತು. ಪಡುವಣ ಅರ್ಧ ಅರಬ್ಬಿ ಸಮುದ್ರ, ಬಂಗುಡೆಗೆ ಫೋನ್ ಇಲ್ಲ. ತೆಂಕಣ ತುಂಡು ಕಾಸರಗೋಡು ಜಿಲ್ಲೆ. ವೃತ್ತ ಬಿಟ್ಟು ಊರಿನ ಹೆಸರು ಆರಿಸಿ. ಭಾಷೆಯ ಕಡೆ "ಕನ್ನಡ" ಅಂತ ಆರಿಸಿದರೆ ಫೋನನ್ನೇ ಕನ್ನಡಕ್ಕೆ ತಿರುಗಿಸಿಟ್ಟವರಿಗಷ್ಟೇ ಬಹುಮಟ್ಟಿಗೆ ಹೋಗುತ್ತದೆ. ನಮ್ಮಲ್ಲಿ ಮಾತು ತುಳು, ಓದು ಕನ್ನಡ, ಫೋನ್ ಇಂಗ್ಲಿಷ್. ಭಾಷೆಯ ಜಾಗ ಖಾಲಿ ಬಿಡಿ, ಜಾಹೀರಾತಿನ ಮಾತು ಕನ್ನಡದಲ್ಲೋ ತುಳುವಿನಲ್ಲೋ ಬರೆಯಿರಿ. ಅರ್ಥವಾದವರು ನಿಲ್ಲುತ್ತಾರೆ.

ದಿನಕ್ಕೆ 140ರ ಹಾಗೆ ಹಾಕಿ, ಐದು ದಿನ ಕೈ ಹಾಕದೆ ಬಿಡಿ. ದಿನಾ ಬೆಳಿಗ್ಗೆ ಎದ್ದು ಬದಲಿಸಿದರೆ ಯಾರಿಗೆ ತೋರಿಸಬೇಕು ಅಂತ ಮೆಟಾ ಕಲಿಯುವುದೇ ಇಲ್ಲ. ಲೆಕ್ಕ ಇಡಬೇಕಾದ್ದು ಒಂದೇ: ಎಷ್ಟು ಜನ ವಾಟ್ಸಾಪಿಗೆ ಬಂದರು, ಅದರಲ್ಲಿ ಎಷ್ಟು ಜನ ದುಡ್ಡು ಕೊಟ್ಟರು.

ಶಿರ್ವ_ಲೆಕ್ಕ

ಮೇಲಿನವರು ಡೊಂಬಿವಿಲಿ ಅಂದರು, ಅಲ್ಲಿಗೆ ಒಂದು ತಡೆ ಉಂಟು. ಸರಕಿಗೆ ವರ್ಷಕ್ಕೆ 40 ಲಕ್ಷದ ವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂಬ ಮಿತಿ ರಾಜ್ಯದ ಒಳಗಿನ ಮಾರಾಟಕ್ಕೆ. ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಬೇಕು. ಹಪ್ಪಳಕ್ಕೆ ತೆರಿಗೆ ಇಲ್ಲ. ಹಪ್ಪಳ ಮಾತ್ರ ಮಾರುವವರಿಗೆ ಈ ರಗಳೆ ಇಲ್ಲ. ಉಪ್ಪಿನಕಾಯಿ, ಸಾರಿನ ಪುಡಿ ತೆರಿಗೆಯ ಸರಕು. ಹಾಗಾಗಿ ನೋಂದಣಿ ಆಗುವವರೆಗೆ ಮುಂಬಯಿ ಜಾಹೀರಾತಿನಲ್ಲಿ ಹಪ್ಪಳ ಮಾತ್ರ ತೋರಿಸಿ ಪ್ರಯೋಜನವಿಲ್ಲ, ಯಾರೋ ಮಿಡಿ ಕೇಳಿದ ಕೂಡಲೇ ಕಳಿಸಿಬಿಡುತ್ತೀರಿ. ನೋಂದಣಿ ಮಾಡಿಸಿಕೊಂಡೇ ಹೊರಡಿ, ಇಲ್ಲವಾದರೆ ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿ.

ನೋಂದಣಿ ಇದ್ದರೆ ಮೆಟಾ ಮತ್ತು ಗೂಗಲ್ ಜಾಹೀರಾತು ಖಾತೆಯಲ್ಲಿ ಜಿಎಸ್‌ಟಿ ನಂಬರ್ ತುಂಬಿಸಿ. ಬಿಲ್ಲು ವ್ಯಾಪಾರದ ಹೆಸರಲ್ಲಿ ಬಂದರೆ ಮಾತ್ರ ಆ 18% ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು ಬರುತ್ತದೆ. 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಲೇಬಲ್ಲಿನಲ್ಲಿ ಇದ್ದರೆ ಸಾಲದು, ಕ್ಯಾಟಲಾಗಿನಲ್ಲೂ ಇರಲಿ.

ಕುಡ್ಲ_ಜಾಹೀರಾತು

ಲೆಕ್ಕದವರು ಸರಿ. ಹಾಗಾದರೆ ಮೊದಲ ಮೂರು ತಿಂಗಳು ಬೆಂಗಳೂರು ಮಾತ್ರ. ಅದೂ ಸಾಕಾಗುತ್ತದೆ 4,237ಕ್ಕೆ.

ಮಣಿಪಾಲ_ಎರಡನೇಬೀಗ

ವಾಟ್ಸಾಪ್ ಮನೆ ನಂಬರಿನಲ್ಲಿ ಅಂದಿರಿ. ಅದನ್ನು ಬಿಡಿಸಿ. ಇನ್ನೊಂದು ಸಿಮ್ ತಗೊಂಡು ವಾಟ್ಸಾಪ್ ಬಿಸಿನೆಸ್ ಹಾಕಿ. ಒಂದೇ ನಂಬರ್ ಎರಡೂ ಆ್ಯಪ್‌ನಲ್ಲಿ ಇರಲು ಆಗುವುದಿಲ್ಲ. ಕ್ಯಾಟಲಾಗಿನಲ್ಲಿ 500 ವಸ್ತು ಹಿಡಿಯುತ್ತದೆ, ನಿಮಗೆ ಹನ್ನೆರಡು ಸಾಕು. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ತಲುಪುವುದು. ಪಾರ್ಸೆಲ್ ಒಳಗೆ "ಈ ನಂಬರ್ ಸೇವ್ ಮಾಡಿ" ಅಂತ ಒಂದು ಚೀಟಿ ಹಾಕುವುದರ ಬೆಲೆ ಇಲ್ಲಿ ಗೊತ್ತಾಗುತ್ತದೆ. ಗೊತ್ತಿಲ್ಲದ ನಂಬರುಗಳ ಪಟ್ಟಿ ಕೊಂಡು ಗುಂಪಿಗೆ ಸೇರಿಸಿದರೆ ಹತ್ತು ಜನ "ಸ್ಪ್ಯಾಮ್" ಒತ್ತುತ್ತಾರೆ, ನಂಬರೇ ಬ್ಯಾನ್. ಅಂಥ ಪಟ್ಟಿ ಇಡುವುದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದಾರಿಗೂ ಅಡ್ಡ.

ಈಗ ಬೀಗದ ವಿಷಯ. ವಾಟ್ಸಾಪ್ ಕೈ ಜಾರುವುದು ಎರಡು ರೀತಿ.

ಒಂದು, ನಿಮ್ಮ ನಂಬರನ್ನು ಅವರ ಫೋನಿನಲ್ಲಿ ನೋಂದಾಯಿಸುವುದು. ನಿಮಗೆ ಆರು ಅಂಕಿಯ ಕೋಡ್ ಬರುತ್ತದೆ, "ತಪ್ಪಿ ನಿಮಗೆ ಬಂತು, ಸ್ವಲ್ಪ ಹೇಳಿ" ಅಂತ ಪರಿಚಯದವರ ಖಾತೆಯಿಂದಲೇ ಸಂದೇಶ. ಆ ಪರಿಚಯದವರ ಖಾತೆ ನಿನ್ನೆಯೇ ಹೋಗಿದೆ, ಅವರಿಗೆ ಗೊತ್ತಿಲ್ಲ ಅಷ್ಟೆ. ಇದಕ್ಕೆ ತಡೆ ಸೆಟ್ಟಿಂಗ್ಸ್, ಅಕೌಂಟ್, ಟೂ ಸ್ಟೆಪ್ ವೆರಿಫಿಕೇಶನ್: ನೀವೇ ಇಡುವ ಆರು ಅಂಕಿಯ ಪಿನ್ ಮತ್ತು ವ್ಯಾಪಾರದ ಇಮೇಲ್. ಇಮೇಲ್ ಬಿಟ್ಟು ಪಿನ್ ಮಾತ್ರ ಹಾಕಬೇಡಿ. ಕಳ್ಳನೇ ಪಿನ್ ಹಾಕಿಬಿಟ್ಟರೆ ಏಳು ದಿನ ಕಾಯಬೇಕು. ಎಸ್‌ಎಂಎಸ್‌ನಲ್ಲಿ ಬಂದ ಕೋಡ್ ನೀವು ಹಾಕಿದ ಕೂಡಲೇ ಅವನು ಹೊರಗೆ ಬೀಳುತ್ತಾನೆ, ಆದರೆ ಆ ಏಳು ದಿನ ನಿಮಗೂ ಒಳಗೆ ಹೋಗಲು ಆಗುವುದಿಲ್ಲ.

ಎರಡನೆಯದು ಹೆಚ್ಚು ನಯವಾದದ್ದು. "ನಿಮ್ಮ ಫೋಟೋ ಈ ಪೇಜಿನಲ್ಲಿ ಬಂದಿದೆ", "ನಮ್ಮ ಮಗುವಿಗೆ ವೋಟ್ ಹಾಕಿ" ಅಂತ ಲಿಂಕ್. ತೆರೆದರೆ ಫೋನ್ ನಂಬರ್ ಕೇಳುತ್ತದೆ, ಆಮೇಲೆ ಎಂಟು ಅಕ್ಷರದ ಕೋಡ್ ತೋರಿಸಿ ವಾಟ್ಸಾಪಿನಲ್ಲಿ ಹಾಕಿ ಅನ್ನುತ್ತದೆ. ಹಾಕಿದ ಕೂಡಲೇ ಅವರ ಕಂಪ್ಯೂಟರ್ ನಿಮ್ಮ ವಾಟ್ಸಾಪಿಗೆ ಲಿಂಕ್ ಆಯಿತು. ನಿಮ್ಮ ಫೋನಿನಲ್ಲಿ ಎಲ್ಲ ಎಂದಿನಂತೆ ನಡೆಯುತ್ತದೆ, ಅದೇ ಅಪಾಯ. ಟೂ ಸ್ಟೆಪ್ ಪಿನ್ ಇಲ್ಲಿ ಅಡ್ಡ ಬರುವುದಿಲ್ಲ. ವಾರಕ್ಕೊಮ್ಮೆ "ಲಿಂಕ್ಡ್ ಡಿವೈಸಸ್" ತೆರೆದು ನೋಡಿ, ಗುರುತಿಲ್ಲದ್ದನ್ನು ಲಾಗ್‌ಔಟ್ ಮಾಡಿ. ಕೆಲಸ ಬಿಟ್ಟು ಹೋದ ಹುಡುಗನ ಲ್ಯಾಪ್‌ಟಾಪ್ ಸಹ ಅಲ್ಲೇ ಸಿಗುತ್ತದೆ ಕೆಲವೊಮ್ಮೆ.

ಇನ್‌ಸ್ಟಾಗ್ರಾಮಿನಲ್ಲಿ ಬರುವುದು "ಹಕ್ಕುಸ್ವಾಮ್ಯ ಉಲ್ಲಂಘನೆ, 24 ಗಂಟೆಯಲ್ಲಿ ಖಾತೆ ಅಳಿಸುತ್ತೇವೆ" ಎಂಬ ಸಂದೇಶ, ಮೆಟಾ ಚಿಹ್ನೆ ಹಾಕಿಕೊಂಡ ಖಾತೆಯಿಂದ. ಮೆಟಾ ಇನ್‌ಬಾಕ್ಸಿಗೆ ಬಂದು ಹಾಗೆ ಹೆದರಿಸುವುದಿಲ್ಲ. ಅಕೌಂಟ್ಸ್ ಸೆಂಟರ್‌ನಲ್ಲಿ ಪಾಸ್‌ವರ್ಡ್ ಆ್ಯಂಡ್ ಸೆಕ್ಯುರಿಟಿಯ ಒಳಗೆ "ರೀಸೆಂಟ್ ಇಮೇಲ್ಸ್" ಉಂಟು. ಮೆಟಾ ಕಳಿಸಿದ ಭದ್ರತೆಯ ಇಮೇಲ್ ಅಲ್ಲಿ ಕಾಣುತ್ತದೆ, ಕಾಣದಿದ್ದರೆ ಸುಳ್ಳು.

ಆಮೇಲೆ ಎಪಿಕೆ. ಮದುವೆ ಕಾಗದ, ಟ್ರಾಫಿಕ್ ದಂಡದ ಚಲನ್, ಕೊರಿಯರ್ ರಶೀದಿ ಎಂಬ ಹೆಸರಲ್ಲಿ ವಾಟ್ಸಾಪಿಗೆ ಬರುವ ಕಡತ. ಹೆಸರಿನ ಕೊನೆ ನೋಡಿ, ಪಿಡಿಎಫ್ ಅಲ್ಲ, ಎಪಿಕೆ ಅಂದರೆ ಅದು ಆ್ಯಪ್. ಇನ್‌ಸ್ಟಾಲ್ ಆದರೆ ಎಸ್‌ಎಂಎಸ್ ಓದುವ ಅನುಮತಿ ಕೇಳಿ ಒಟಿಪಿಗಳನ್ನು ಆಚೆ ಸಾಗಿಸುತ್ತದೆ. ಒತ್ತಿಬಿಟ್ಟಿರಾ? ಏರೋಪ್ಲೇನ್ ಮೋಡ್, ವೈಫೈ ಬಂದ್, ಸಿಮ್ ಹೊರಗೆ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ. ಅದಾದ ಮೇಲೆ ಸೇಫ್ ಮೋಡ್‌ನಲ್ಲಿ ತೆಗೆಯುವ ಕೆಲಸ. ತೆಗೆಯಲು ಬಿಡದಿದ್ದರೆ ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ ಅದರ ಗುರುತು ತಪ್ಪಿಸಿ ನೋಡಿ. ಆಗಲೂ ಮನಸ್ಸು ಒಪ್ಪದಿದ್ದರೆ ಫ್ಯಾಕ್ಟರಿ ರೀಸೆಟ್.

ಮಲ್ಪೆ_ಬಂದರು

ಯುಪಿಐ ಕತೆ ನಾನು ಹೇಳ್ತೇನೆ. ಪಿನ್ ಹಾಕುವುದು ದುಡ್ಡು ಹೋಗಲಿಕ್ಕೆ. ಬರಲಿಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಇದೊಂದು ಗೊತ್ತಿದ್ದರೆ ಅರ್ಧ ಮೋಸ ಬಾಗಿಲಲ್ಲೇ ನಿಲ್ಲುತ್ತದೆ. 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ "ಕಲೆಕ್ಟ್" ಕೋರಿಕೆಯನ್ನೇ ಯುಪಿಐ ನಡೆಸುವ ಎನ್‌ಪಿಸಿಐ ನಿಲ್ಲಿಸಿದೆ. ಹಾಗಂತ ಮೋಸ ನಿಲ್ಲಲಿಲ್ಲ ಮಾರಾಯ್ರೆ, ಕ್ಯೂಆರ್ ಕಡೆ ತಿರುಗಿತು. ವ್ಯಾಪಾರಿ ಖಾತೆಯಿಂದ ಬರುವ ಕೋರಿಕೆ ಈಗಲೂ ಉಂಟು, ಅದಕ್ಕೂ ಕಣ್ಣಿಡಿ.

ನಿಮಗೆ ಬರುವುದು ಸ್ಕ್ರೀನ್‌ಶಾಟ್. "ಕಳಿಸಿದೆ ನೋಡಿ", ಹಸಿರು ಗುರುತು, ನಿಮ್ಮ ಹೆಸರು, ಮೊತ್ತ. ಅಂಥ ಚಿತ್ರ ಮಾಡುವ ಆ್ಯಪ್‌ಗಳೇ ಉಂಟು. ಸ್ಕ್ರೀನ್‌ಶಾಟಿನಲ್ಲಿ ಎಂತ ನೋಡಬೇಕು ಅಂತ ಕೇಳಬೇಡಿ, ಅದನ್ನು ನೋಡಲೇಬೇಡಿ. ನಿಮ್ಮ ಆ್ಯಪ್‌ನಲ್ಲಿ 12 ಅಂಕಿಯ ವಹಿವಾಟು ಸಂಖ್ಯೆ ಸಮೇತ ಜಮಾ ಕಂಡಿತಾ, ಪಾರ್ಸೆಲ್ ಕಟ್ಟಿ. ಇಲ್ಲವಾ, ಕಾಯಲಿ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದ ಊರಿನವರು ನಾವು. ಕಲೆಕ್ಟರ್ ಪುಸ್ತಕದಲ್ಲಿ ಬರೆಯದೆ ಎರಡಾಣೆಯನ್ನೂ ಬಿಡಲಿಲ್ಲ ನಮ್ಮ ಅಜ್ಜಿಯಂದಿರು.

ಜಮಾ ಆಯಿತು ಅಂತ ಎಸ್‌ಎಂಎಸ್ ಬಂದರೂ ಯಾರು ಕಳಿಸಿದ್ದು ನೋಡಿ. ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬ್ಯಾಂಕ್ ಸಂದೇಶ ಬರುವುದಿಲ್ಲ. ಅಕ್ಷರದ ಹೆಸರು, ಅದರ ಕೊನೆಗೆ ಅಡ್ಡಗೆರೆ ಹಾಕಿ ಒಂದು ಅಕ್ಷರ: ಪಿ ಅಂದರೆ ಜಾಹೀರಾತು, ಎಸ್ ಸೇವೆ, ಟಿ ವಹಿವಾಟು, ಜಿ ಸರ್ಕಾರ. ಬ್ಯಾಂಕಿನ ವೆಬ್‌ಸೈಟಿಗೂ ಈಗ ಗುರುತು ಉಂಟು. ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಒಳಗೆ ಎಲ್ಲ ಬ್ಯಾಂಕುಗಳೂ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ವಿಳಾಸಕ್ಕೆ ಬರಬೇಕು ಅಂತ ಹೇಳಿತ್ತು. ಬೇರೆ ಬಾಲ ಇದ್ದರೆ ಪಾಸ್‌ವರ್ಡ್ ಹಾಕುವ ಮೊದಲು ನಿಲ್ಲಿ.

ಅಂಗಡಿ ಇದ್ದವರಿಗೆ: ರಾತ್ರಿ ಬಾಗಿಲು ಹಾಕಿದ ಮೇಲೆ ಹೊರಗೋಡೆಯ ಕ್ಯೂಆರ್ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸುವವರು ಉಂಟು. ಬೆಳಿಗ್ಗೆ ಬಾಗಿಲು ತೆರೆದು ನಿಮ್ಮ ಫೋನಿನಿಂದಲೇ ಸ್ಕ್ಯಾನ್ ಮಾಡಿ ಹೆಸರು ಓದಿ, ದುಡ್ಡು ಹಾಕಬೇಡಿ. ಕ್ಯೂಆರ್ ಫಲಕ ಒಳಗೆ ಮೇಜಿನ ಮೇಲೆ ಇದ್ದರೆ ಈ ತಂಟೆಯೇ ಇಲ್ಲ.

ಶಂಕರಪುರ_ಅಟ್ಟಿ

ದೊಡ್ಡ ಆರ್ಡರ್ ಮೋಸ ಯಾರೂ ಹೇಳಲಿಲ್ಲ. ಮಲ್ಲಿಗೆ, ಊಟದ ಗುತ್ತಿಗೆ, ಹೋಟೆಲು, ಹಪ್ಪಳ ಎಲ್ಲರಿಗೂ ಒಂದೇ ನಮೂನೆ. ಕರೆ ಹಿಂದಿಯಲ್ಲಿ, ಸೇನೆಯವರು ಅನ್ನುತ್ತಾರೆ, ಗುರುತಿನ ಚೀಟಿಯ ಫೋಟೋ ಕೂಡಲೇ ಬರುತ್ತದೆ. ಇದೇ ಮೊದಲ ಸುಳಿವು: ಕೇಳದೆ ಗುರುತಿನ ಚೀಟಿ ಕಳಿಸುವ ಗಿರಾಕಿ ಎಲ್ಲಿದ್ದಾನೆ? ಎರಡನೆಯದು ದರದಲ್ಲಿ ಚೌಕಾಶಿ ಇಲ್ಲ. ಮಲ್ಲಿಗೆ 50 ಅಟ್ಟಿ ಬೇಕು ಅನ್ನುತ್ತಾರೆ. ಅಟ್ಟಿ ಅಂದರೆ ನಮ್ಮ ಹೂವಿನ ಅಳತೆ, ಅಟ್ಟಿಗೆ ನಾಲ್ಕು ಚೆಂಡು, ಒಟ್ಟು 200 ಚೆಂಡು, ದರ ಕೇಳುವುದೇ ಇಲ್ಲ. ನಮ್ಮ ಹೂವಿನ ದರ ದಿನಾ ಬದಲಾಗುತ್ತದೆ ಅನ್ನುವುದೂ ಗೊತ್ತಿಲ್ಲದವರು.

ಮಾಲು ಕಟ್ಟಿಸುವವರೆಗೆ ಬಿಡುತ್ತಾರೆ. ಹೂವು ಬಾಡುವ ವಸ್ತು, ಆಗ ನಮಗೆ ಅವಸರ. ಆ ಹೊತ್ತಿಗೆ "ನಮ್ಮ ಇಲಾಖೆಯ ಪದ್ಧತಿ ಹೀಗೆ, ಮೊದಲು ಐದು ರೂಪಾಯಿ ನೀವು ಹಾಕಿ, ದುಪ್ಪಟ್ಟು ವಾಪಸ್ ಬರುತ್ತದೆ" ಅಂತ ಕ್ಯೂಆರ್. ಐದಕ್ಕೆ ಹತ್ತು ಬರುತ್ತದೆ, ನಿಜವಾಗಿಯೂ. ನಂಬಿಕೆ ಕೂತ ಮೇಲೆ ಮುಂದಿನದು ಸಾವಿರಗಳಲ್ಲಿ. ಜೊತೆಗೆ ವಿಡಿಯೊ ಕರೆ ಮಾಡಿ ಪರದೆ ಹಂಚಿಕೊಳ್ಳಿ ಅನ್ನುತ್ತಾರೆ. ಒಟಿಪಿ ಕಾಣಲಿಕ್ಕೆ ಅಷ್ಟು ಸಾಕು.

ಉತ್ತರ ಒಂದೇ: ಅರ್ಧ ಮುಂಗಡ ನಮ್ಮ ಕ್ಯೂಆರ್‌ಗೆ, ಜಮಾ ಕಂಡ ಮೇಲೆ ಕಟ್ಟುವುದು.

ಇನ್ನೊಂದು, ದಿನದ ದರ ಬದಲಾಗುವ ವಸ್ತುವಿಗೆ ಕ್ಯಾಟಲಾಗಿನಲ್ಲಿ ಬೆಲೆ ಖಾಲಿ ಬಿಡಿ, ದರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿ. 24 ಗಂಟೆಗೆ ತಾನೇ ಹೋಗುತ್ತದೆ, ಹಳೇ ದರ ತೋರಿಸಿ ಜಗಳಕ್ಕೆ ಬರುವವರಿಲ್ಲ.

ಶಿರ್ವ_ಲೆಕ್ಕ

ಇದರ ತಿರುಗುಮುರುಗೂ ಉಂಟು, ಅದು ಹೆಚ್ಚು ಕಷ್ಟದ್ದು: ದುಡ್ಡು ನಿಜವಾಗಿಯೂ ಬರುತ್ತದೆ. 1,500ರ ಆರ್ಡರ್‌ಗೆ 15,000 ಬಂತು, "ಸೊನ್ನೆ ಒಂದು ಜಾಸ್ತಿ ಒತ್ತಿದೆ, ಉಳಿದದ್ದು ಈ ನಂಬರಿಗೆ ಹಾಕಿ". ಆ 15,000 ಬೇರೆ ಯಾರನ್ನೋ ವಂಚಿಸಿ ತೆಗೆದದ್ದು ಆಗಿರಬಹುದು. ಅವರು ದೂರು ಕೊಟ್ಟಾಗ ಹಣದ ಜಾಡು ನಿಮ್ಮ ಖಾತೆಗೆ ಬರುತ್ತದೆ, ಬ್ಯಾಂಕ್ ತಡೆ ಹಾಕುತ್ತದೆ. 13,500 ನೀವು ಬೇರೆ ನಂಬರಿಗೆ ಹಾಕಿದ್ದರೆ ಕಾಗದದ ಮೇಲೆ ನೀವು ಸರಪಳಿಯ ಒಂದು ಕೊಂಡಿ. ಹಾಗಾಗಿ ಕೈಯಿಂದ ವಾಪಸ್ ಹಾಕಬೇಡಿ. "ನಿಮ್ಮ ಬ್ಯಾಂಕಿಗೆ ತಪ್ಪು ಪಾವತಿಯ ದೂರು ಕೊಡಿ" ಎನ್ನಿ, ಅದೇ ದಿನ ನಿಮ್ಮ ಬ್ಯಾಂಕಿಗೆ ಬರೆದು ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.

ತಡೆ ಬಿದ್ದೇ ಬಿಟ್ಟರೆ ಬ್ಯಾಂಕಿನಿಂದ ಕೇಳಬೇಕಾದ್ದು ಮೂರು: ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ವಿವಾದದ ಮೊತ್ತ ಎಷ್ಟು. ಆ ಠಾಣೆಗೆ ಬಿಲ್ಲು, ವಾಟ್ಸಾಪ್ ಆರ್ಡರ್, ಕೊರಿಯರ್ ರಶೀದಿ ಇಮೇಲ್ ಮಾಡಿ, ಇಡೀ ಖಾತೆ ಬಿಟ್ಟು ಆ ಮೊತ್ತಕ್ಕೆ ಮಾತ್ರ ತಡೆ ಇರಲಿ ಅಂತ ಕೋರಿ. ವ್ಯಾಪಾರದ ಖಾತೆ, ಮನೆಯ ಖಾತೆ ಬೇರೆ ಬೇರೆ ಇರಬೇಕು ಅನ್ನುವುದು ಇದಕ್ಕೇ. ವ್ಯಾಪಾರದ ಖಾತೆಯಲ್ಲಿ ವಾರದ ಓಡಾಟಕ್ಕೆ ಬೇಕಾದಷ್ಟು ಇಟ್ಟು ಉಳಿದದ್ದು ಆಚೆ ಹಾಕಿ. ಮಕ್ಕಳ ಫೀಸು ಸಿಕ್ಕಿಬೀಳಬಾರದಲ್ಲ.

ನಿಮ್ಮದೇ ದುಡ್ಡು ಹೋದರೆ 1930, ಸೈಬರ್ ವಂಚನೆಯ ಸಹಾಯವಾಣಿ. ಗಂಟೆ ಗಂಟೆಗೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತದೆ, ಮೊದಲು ಕರೆ, ಆಮೇಲೆ ಅಳು. ಕರೆಯ ಹೊತ್ತಿಗೆ ಖಾತೆ ಸಂಖ್ಯೆ, 12 ಅಂಕಿಯ ವಹಿವಾಟು ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ದೂರು ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್‌ನಲ್ಲೂ ದಾಖಲಾಗಬೇಕು. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೆನ್ ಠಾಣೆ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಪೊಲೀಸ್ ಠಾಣೆ) ಉಂಟು, ಕಾಗದಪತ್ರ ಹಿಡಿದು ಅಲ್ಲಿಗೆ.

ರಥಬೀದಿ

ಗೂಗಲ್ ಪ್ರೊಫೈಲ್ ಮಾಡಿ ಮರೆಯಬೇಡಿ. "ಸಜೆಸ್ಟ್ ಆ್ಯನ್ ಎಡಿಟ್" ಅಂತ ಯಾರು ಬೇಕಾದರೂ ನಿಮ್ಮ ಫೋನ್ ನಂಬರ್ ಬದಲಿಸಲು ಸೂಚಿಸಬಹುದು. ಹೋಂಸ್ಟೇ, ವಸತಿಗೃಹದವರಿಗೆ ಇದು ದೊಡ್ಡ ಪೆಟ್ಟು. ನಂಬರ್ ಬದಲಾದರೆ ಮುಂಗಡ ಅವರಿಗೆ, ಬಾಗಿಲಲ್ಲಿ ಬೈಗುಳ ನಿಮಗೆ. ವಾರಕ್ಕೊಮ್ಮೆ ಲಾಗ್‌ಔಟ್ ಆಗಿ, ಗಿರಾಕಿಯ ಹಾಗೆ ಹುಡುಕಿ, ಅಲ್ಲಿರುವ ನಂಬರಿಗೆ ಕರೆ ಮಾಡಿ ನೋಡಿ.

ವಿಟ್ಲಪಿಂಡಿ, ದೀಪಾವಳಿ, ಮಳೆಯ ರೆಡ್ ಅಲರ್ಟ್ ದಿನ "ವಿಶೇಷ ಸಮಯ" ಹಾಕಿ. ತೆರೆದಿದೆ ಅಂತ ನೋಡಿ ಬಂದವನು ಮುಚ್ಚಿದ ಬಾಗಿಲು ಕಂಡರೆ ಒಂದು ನಕ್ಷತ್ರ ಕೊಟ್ಟೇ ಹೋಗುವುದು.

ಒಮ್ಮೆಗೇ ಒಂದೇ ನಕ್ಷತ್ರದ ಹತ್ತು ವಿಮರ್ಶೆ ಬಿದ್ದು, "ತೆಗೆಸಬೇಕಾದರೆ ಇಷ್ಟು ಕೊಡಿ" ಅಂತ ಸಂದೇಶ ಬಂದರೆ ಕೊಡಬೇಡಿ. ಸಂದೇಶದ ಚಿತ್ರ ಇಟ್ಟು ಗೂಗಲಿಗೆ ವರದಿ ಮಾಡಿ. ಒಳ್ಳೆಯ ವಿಮರ್ಶೆ ಬರೆದರೆ ಅರ್ಧ ಕಿಲೊ ಹಪ್ಪಳ ಪುಕ್ಕಟೆ ಅನ್ನುವುದೂ ಗೂಗಲ್ ನಿಯಮಕ್ಕೆ ವಿರುದ್ಧ. "ಗೂಗಲ್‌ನಿಂದ ಮಾತಾಡ್ತಿದ್ದೇವೆ, ಲಿಸ್ಟಿಂಗ್ ಮುಗಿಯುತ್ತಿದೆ" ಅಂದರೆ ಫೋನ್ ಇಡಿ. ಅದಕ್ಕೆ ಶುಲ್ಕವೇ ಇಲ್ಲ.

ಹಂಪನಕಟ್ಟೆ_ಗಣಕ

ಬಿಲ್ಲಿಂಗ್ ಕಂಪ್ಯೂಟರ್ ಇದ್ದವರಿಗೆ ನಾಲ್ಕು ಮಾತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಲ್ಲೇ ಬ್ಯಾಂಕ್ ಕೆಲಸ ಮಾಡುತ್ತಿದ್ದರೆ ಬೇರೆ ದಾರಿ ನೋಡಿ. ಕದ್ದ ಸಾಫ್ಟ್‌ವೇರ್ ಬೇಡ, ಬೀಗ ಮುರಿದು ಕೊಟ್ಟವನು ತನಗೊಂದು ಕಿಂಡಿ ಬಿಟ್ಟುಕೊಂಡಿರುತ್ತಾನೆ.

ಬ್ಯಾಕಪ್ ಪೆನ್‌ಡ್ರೈವ್ ಸದಾ ಕುತ್ತಿಯೇ ಇದ್ದರೆ ಅದು ಬ್ಯಾಕಪ್ ಅಲ್ಲ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ತಂತ್ರಾಂಶ) ಬಂದರೆ ಮುಖ್ಯ ಡಿಸ್ಕಿನ ಜೊತೆ ಅದನ್ನೂ ಮುಚ್ಚುತ್ತದೆ. ನಮ್ಮಲ್ಲಿ ಇನ್ನೊಂದು ಶತ್ರು ಸಿಡಿಲು. ಮೇ ತಿಂಗಳ ಒಂದು ಸಂಜೆ ಸಾಕು, ರೌಟರ್, ಕ್ಯಾಮೆರಾ ಪೆಟ್ಟಿಗೆ, ಕಂಪ್ಯೂಟರ್, ಕುತ್ತಿದ ಡ್ರೈವ್ ಒಂದೇ ಏಟಿಗೆ. ಎರಡು ಡ್ರೈವ್ ಇಡಿ, ಸೋಮವಾರ ಒಂದು, ಗುರುವಾರ ಇನ್ನೊಂದು, ಕುತ್ತದ ಡ್ರೈವ್ ಮನೆಯಲ್ಲಿ. ಗುಡುಗು ಕೇಳಿದರೆ ಕರೆಂಟಿನ ತಂತಿಯ ಜೊತೆ ಇಂಟರ್‌ನೆಟ್ ಕೇಬಲ್ ಸಹ ಕೀಳಿ, ಕೇಬಲಿನಿಂದಲೂ ಬರುತ್ತದೆ. ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಒಂದು ಬಿಲ್ಲು ತೆರೆದು ನೋಡಿ.

ಸಿಸಿ ಕ್ಯಾಮೆರಾ ಹಾಕಿದವನು ಬಿಟ್ಟುಹೋದ ಪಾಸ್‌ವರ್ಡ್ ಇವತ್ತೇ ಬದಲಿಸಿ. ಗಿರಾಕಿಗಳಿಗೆ ಕೊಡುವ ವೈಫೈ ಬೇರೆ ಹೆಸರಿನದ್ದು, ಬಿಲ್ಲಿಂಗ್ ಬೇರೆ.

ಕಟಪಾಡಿ_ಮಿಡಿ

ಇಷ್ಟೆಲ್ಲ ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಜಿಮೇಲ್ ಆಯಿತು, ಡೊಮೇನ್ ಹೆಸರು ಖಾಲಿ ಉಂಟು, ಇವತ್ತೇ ತೆಗೆಯುತ್ತೇವೆ. 18,000 ಕೇಳಿದವರಿಗೆ ಮ್ಯಾನೇಜರ್ ಮಾತ್ರ ಅಂದದ್ದಕ್ಕೆ "ನೋಡಿ ಹೇಳ್ತೇನೆ" ಅಂದಿದ್ದಾರೆ. ಒಂದು ಸಣ್ಣ ಪ್ರಶ್ನೆ: ವಾಟ್ಸಾಪ್ ಬಿಸಿನೆಸ್ಸಿಗೆ ತೆಗೆಯುವ ಎರಡನೇ ಸಿಮ್‌ಗೆ ಒಮ್ಮೆ ಒಟಿಪಿ ಬಂದರೆ ಸಾಕಲ್ಲ, ಆಮೇಲೆ ಡ್ರಾಯರಿನಲ್ಲಿ ಹಾಕಿಟ್ಟರೆ ಆಗುದಿಲ್ವಾ? ಸುಮ್ಮನೆ ರೀಚಾರ್ಜ್ ಯಾಕೆ?

ಮಣಿಪಾಲ_ಎರಡನೇಬೀಗ

ಆಗುವುದಿಲ್ಲ. 90 ದಿನ ಕರೆ, ಎಸ್‌ಎಂಎಸ್, ಡೇಟಾ ಏನೂ ಇಲ್ಲದಿದ್ದರೆ ಕಂಪನಿ ಪ್ರಿಪೇಯ್ಡ್ ಸಿಮ್ ನಿಲ್ಲಿಸಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಸ್ವಲ್ಪ ಕಾಲ ಮುಂದೂಡುತ್ತಾರೆ. ನಿಂತ ನಂಬರ್ ಕೆಲವು ತಿಂಗಳು ಕಳೆದು ಬೇರೆಯವರಿಗೆ ಹೋಗುತ್ತದೆ. ಅವರು ವಾಟ್ಸಾಪ್ ಹಾಕಿದ ಕೂಡಲೇ ಒಟಿಪಿ ಅವರಿಗೆ ಬರುತ್ತದೆ, ನಿಮ್ಮದು ಹೊರಗೆ ಬೀಳುತ್ತದೆ. ಪಾರ್ಸೆಲ್ ಒಳಗಿನ ಚೀಟಿ ನೋಡಿ ನಿಮ್ಮ ನಂಬರ್ ಸೇವ್ ಮಾಡಿಕೊಂಡವರ ಆರ್ಡರ್ ಎಲ್ಲ ಅವರಿಗೆ. ಅವರು ಒಳ್ಳೆಯವರಾದರೆ "ರಾಂಗ್ ನಂಬರ್" ಅನ್ನುತ್ತಾರೆ.

ಅದಲ್ಲದೆ 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ಸಂದೇಶದ ಆ್ಯಪ್‌ಗಳು ಅದೇ ಸಿಮ್ ಫೋನಿನೊಳಗೆ ಇದ್ದಾಗ ಮಾತ್ರ ನಡೆಯಬೇಕು ಅಂತ ನಿರ್ದೇಶನ ಕೊಟ್ಟಿದೆ. ಎರಡು ಸಿಮ್ ಹಿಡಿಯುವ ಫೋನಿನಲ್ಲಿ ಅದೂ ಕೂತಿರಲಿ. ಸಿಮ್ ಮನೆಯವರ ಹೆಸರಲ್ಲೇ ತೆಗೆಯಿರಿ, ಅಂಗಡಿಯವನು "ನನ್ನ ದಾಖಲೆಯಲ್ಲಿ ಬೇಗ ಕೊಡ್ತೇನೆ" ಅಂದರೆ ಬೇಡ ಅನ್ನಿ. ಯಾರ ಹೆಸರಲ್ಲಿ ಎಷ್ಟು ಸಿಮ್ ಉಂಟು ಅಂತ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಒಟಿಪಿ ಹಾಕಿ ನೋಡಬಹುದು. ಹೊಸ ಸಿಮ್ ಚಾಲೂ ಆದ ಮರುದಿನ ಅಲ್ಲೊಮ್ಮೆ ನೋಡಿ, ಗೊತ್ತಿಲ್ಲದ ನಂಬರ್ ಇದ್ದರೆ ಅಲ್ಲಿಂದಲೇ "ನನ್ನದಲ್ಲ" ಅಂತ ವರದಿ ಹಾಕಿ.